ನೋವು ಆರಿಸುವ ದೀಪ

ಇಲಿಯ ಮಿದುಳಿನಲ್ಲಿ ನೋವಿನ ನರಗಳನ್ನು ಹುಡುಕಿ, ಬೆಳಕು ಬಿದ್ದರೆ ಅವು ಸುಮ್ಮನಾಗುವಂತೆ ಜೀನ್ ಚುಚ್ಚಿದ್ದು ಸಂಶೋಧನಾ ವಿದ್ಯಾರ್ಥಿನಿಯಾದ ಅವಳು. ಪ್ರಬಂಧ ಅಚ್ಚಾದಾಗ ಅವಳ ಹೆಸರಿರಬೇಕಾದ ಜಾಗದಲ್ಲಿ ಪ್ರೊಫೆಸರರ ಅಳಿಯನ ಹೆಸರಿತ್ತು.

"ಮುಂದಿನ ಸಲ ನೋಡೋಣಮ್ಮ" ಎಂದಿದ್ದರು ಪ್ರೊಫೆಸರ್.

"ಆಯ್ತು ಸರ್" ಎಂದಿದ್ದಳು.

ಇಂದು ತಜ್ಞರ ಮುಂದೆ ಪ್ರದರ್ಶನ. ಪ್ರೊಫೆಸರ್ ಹೊಸ ಇಲಿಯೊಂದನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟು, "ಈಗ ಇದಕ್ಕೆ ನೋವೇ ಗೊತ್ತಾಗಲ್ಲ" ಎನ್ನುತ್ತಾ ದೀಪ ಹಾಕಿದರು. ಇಲಿ ಕಿರುಚುತ್ತಾ ಕುಪ್ಪಳಿಸಿತು. ಬೆಳಕು ಹೆಚ್ಚಿಸಿದರೂ ಕುಪ್ಪಳಿಸುತ್ತಲೇ ಇತ್ತು.

ಪ್ರೊಫೆಸರ್ ಅವಳ ಕಡೆ ತಿರುಗಿದರು. "ಏನಮ್ಮ, ಈ ಇಲಿಗೆ ಜೀನ್ ಚುಚ್ಚಲಿಲ್ವಾ?"

ಅವಳು ಮೊದಲು ಇಲಿಯನ್ನು ತಟ್ಟೆಯಿಂದ ಎತ್ತಿಕೊಂಡಳು. ಆಮೇಲೆ ತಜ್ಞರಿಗೂ ಕೇಳಿಸುವಂತೆ ಹೇಳಿದಳು:

"ಆ ಕೆಲಸ ಮಾಡೋರು ನಿಮ್ಮ ಅಳಿಯಂದಿರು ಅಂತ ನೀವೇ ಬರೆದಿದ್ದೀರಲ್ಲ ಸರ್. ಅವರಿಗೇ ಬಿಟ್ಟಿದ್ದೆ."