ಹೆಲ್ಮೆಟ್ ಹಾಕಿಕೊಂಡ ಜೋಳ

ಎಂಟನೆಯ ದಿನ ಬೆಳಿಗ್ಗೆ ಉಳವಪ್ಪ ಜೋಳದ ಚೀಲವನ್ನು ಸೈಕಲ್ಲಿನ ಹಿಂದಿನ ಪುಟ್ಟ ಕುರ್ಚಿಯಲ್ಲಿ ಕೂಡಿಸಿ, ಬೆಲ್ಟು ಹಾಕಿ, ಹೆಲ್ಮೆಟ್ ತೊಡಿಸಿ ಗದ್ದದ ಪಟ್ಟಿ ಬಿಗಿದ. ಚೀಲಕ್ಕೆ ಗದ್ದ ಇರಲಿಲ್ಲ. ಬಾಯಿ ಕಟ್ಟಿದ ಗಂಟನ್ನೇ ಗದ್ದವೆಂದು ತಿಳಿಯಬೇಕಾಗಿತ್ತು.

ಇದು ಸೊಸೆ ಸಾಕ್ಷಿಯ ಷರತ್ತು. ಸೋಮವಾರದಿಂದ ಅವಳು ಮತ್ತೆ ಶಾಲೆಗೆ ಪಾಠ ಹೇಳಲು ಹೋಗಬೇಕು, ಒಂದೂವರೆ ವರ್ಷದ ಸೃಷ್ಟಿ ಶಿವಬಸವ ನಗರದ ಮನೆಯಿಂದ ನೆಹರೂ ನಗರದ ಶಿಶುವಿಹಾರಕ್ಕೆ ಹೋಗಬೇಕು. ಓಣಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಹೋಗುವ ಆಟೋ ಇತ್ತು. ಉಳವಪ್ಪನಿಗೆ ಅದು ಬೇಡ. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಸೈಕಲ್ ತುಳಿದು ಟಪಾಲು ಹಂಚಿದವನು ಅವನು. ನಿವೃತ್ತಿಯಾದ ಮೇಲೆ ಅವನ ದಾರಿ ಕಾಯುವ ಜೀವವೆಂದರೆ ಈ ಮೊಮ್ಮಗಳೊಬ್ಬಳೇ. ಅವಳನ್ನು ಆಟೋದವನ ಕೈಗೆ ಕೊಡುವ ಮಾತು ಬಂದರೆ ಸಾಕು, ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಕೂಸಿನ ಮಾತು ಆಮ್ಯಾಗ, ಮಾವಾರ," ಎಂದಿದ್ದಳು ಸಾಕ್ಷಿ. "ಮೊದಲ ಅಕೀ ತೂಕದಷ್ಟ ಜ್ವಾಳ ಎಂಟು ದಿನ ಒಯ್ದು ತರ್ರಿ. ಒಂದು ಕಾಳು ಚೆಲ್ಲಬಾರದು."

"ಮೂವತ್ತೈದು ವರ್ಷದಾಗ ನಾ ಒಂದು ಕಾರ್ಡ ಕಳದಿಲ್ಲವ್ವಾ."

"ಕಾರ್ಡ ಬಿದ್ರ ತಲಿ ಒಡಿಯೂದಿಲ್ಲರೀ."

ಏಳು ದಿನ ಜೋಳ ಸುಖವಾಗಿ ಹೋಗಿ ಬಂದಿತ್ತು. ಗುಂಡಿ ಕಂಡಲ್ಲಿ ಉಳವಪ್ಪ ಇಳಿದು ತಳ್ಳಿದ, ಇಳಿಜಾರಿನಲ್ಲಿ ಬ್ರೇಕಿನಿಂದ ಬೆರಳು ತೆಗೆಯಲಿಲ್ಲ. "ಯಾರದ್ರೀ ಕೂಸು?" ಎಂದು ನಕ್ಕು ಕೇಳಿದವರಿಗೆ "ಹೊಲದ್ದು" ಎಂದು ಹೇಳಿ ಗಂಟೆ ಬಾರಿಸಿ ಮುಂದೆ ಹೋದ.

ಎಂಟನೆಯ ದಿನ ತಿರುಗಿ ಬರುವಾಗ ಚಹಾ ಗಾಡಿಯ ಆಸೀಫ ಕೂಗಿದ. ಅವನೂ ಖಾನಾಪುರದವನೇ, ಅವನ ಮನೆಗೆ ಟಪಾಲು ಕೊಟ್ಟವನು ಉಳವಪ್ಪನೇ. ಉಳವಪ್ಪ ಇಳಿದ, ಸ್ಟ್ಯಾಂಡು ಹಾಕಿದ, ಹೋಗಿ ಬೆಂಚಿನ ಮೇಲೆ ಕುಳಿತ. ಚೀಲವನ್ನು ಸೈಕಲ್ಲಿನ ಮೇಲೆಯೇ ಬಿಟ್ಟು, ಒಳಗೆ ಹೋಗಿ ನಾಲ್ಕು ಮಾತಾಡಿ ಬರುವುದು ಟಪಾಲಿನವನಿಗೆ ಮೈಗಂಟಿದ ರೂಢಿ. ಮೂವತ್ತೈದು ವರ್ಷ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಎರಡನೆಯ ಗುಟುಕಿಗೆ ಸೈಕಲ್ಲು ಬಿತ್ತು. ಯಾರೂ ಮುಟ್ಟಿರಲಿಲ್ಲ, ಸ್ಟ್ಯಾಂಡು ಹಸಿ ಮಣ್ಣಿನಲ್ಲಿ ಇಳಿದಿತ್ತು, ಅಷ್ಟೇ. ಚೀಲ ಕಲ್ಲಿಗೆ ಬಡಿದು ಹೊಟ್ಟೆ ಹರಿದುಕೊಂಡಿತು. ಹೆಲ್ಮೆಟ್ಟಿಗೆ ಏನೂ ಆಗಲಿಲ್ಲ. ರಸ್ತೆಗೆ ಚೆಲ್ಲಿದ ಕಾಳಿನ ಮೇಲೆ ಒಂದು ಟೆಂಪೋ ಹಾದುಹೋಯಿತು. ಡ್ರೈವರ ಬ್ರೇಕು ಹಾಕಲಿಲ್ಲ. ಜೋಳಕ್ಕೆ ಯಾರು ಬ್ರೇಕು ಹಾಕುತ್ತಾರೆ? ಉಳವಪ್ಪ ಎಲ್ಲವನ್ನೂ ಬೆಂಚಿನ ಮೇಲಿಂದಲೇ ನೋಡಿದ. ಚಹಾದ ಲೋಟ ಇನ್ನೂ ಕೈಯಲ್ಲೇ ಇತ್ತು.

ಆಸೀಫನೇ ಓಡಿಹೋಗಿ ಸೈಕಲ್ಲು ಎತ್ತಿದ. "ಯಾಕ ಅಂಜತೀರಿ ಕಾಕಾ? ಬಾಜೂಕ ಕಿರಾಣಿ ಅಂಗಡಿ ಐತಿ. ಕಮ್ಮಿ ಬಿದ್ದಷ್ಟು ಜ್ವಾಳ ಹಾಕಿ ಚೀಲಾ ಹೊಲದು ಕೊಡ್ತೀನಿ. ನಾ ಏನೂ ನೋಡಿಲ್ಲ."

ಉಳವಪ್ಪ ಟೆಂಪೋ ಹೋದ ದಾರಿಯನ್ನು ನೋಡಿದ. "ಹೊಲಿ," ಎಂದ.

ಹೊಲಿಗೆ ಚಲೋ ಬಂತು. ತೂಕವೂ ಸರಿಹೋಯಿತು.

ಮನೆಯ ಬಾಗಿಲಲ್ಲಿ ಸಾಕ್ಷಿ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಚೀಲವನ್ನು ಒಮ್ಮೆ ಎತ್ತಿ ನೋಡಿ ನಕ್ಕಳು. "ಪಾಸಾದ್ರಿ ಬಿಡ್ರಿ ಮಾವಾರ." ಸೃಷ್ಟಿ ಎರಡೂ ಕೈ ಚಾಚಿ ಅಜ್ಜನ ಕಡೆಗೆ ಪೂರಾ ಬಾಗಿದಳು. ಅವನು ಹಿಡಿದೇ ಹಿಡಿಯುತ್ತಾನೆಂದು ಅವಳಿಗೆ ಖಾತ್ರಿ ಇತ್ತು. ಉಳವಪ್ಪನ ಕೈ ಮುಂದೆ ಬರಲಿಲ್ಲ.

"ಬಿತ್ತವ್ವಾ," ಎಂದ. "ನಿಂತ ಸೈಕಲ್ಲ ಬಿತ್ತು. ನಾ ದೂರ ಕುಂತು ಚಹಾ ಕುಡೀತಿದ್ದೆ. ಚೀಲಾ ಹೊಲಿಸಿಕೊಂಡು ಬಂದೀನಿ."

ಸಾಕ್ಷಿಯ ಮುಖದ ನಗೆ ಇಳಿಯಿತು. ಚೀಲದ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಕೂಸನ್ನು ಅವನ ಕೈಗೇ ಕೊಟ್ಟಳು.

"ನಾಳೆ ಮತ್ತ ಒಂದನೇ ದಿನಾರೀ. ಎಂಟು ದಿನ ಮುಗಿಯೂತನಾ ನಾ ಸಾಲಿಗೆ ರಜಾ ಹಾಕ್ತೀನಿ."

ಮರುದಿನವೂ ಆಸೀಫ ಕರೆದ. ಉಳವಪ್ಪ ಇಳಿದ. ಒಂದು ಕೈಯಲ್ಲಿ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು ಇನ್ನೊಂದರಲ್ಲಿ ಬೆಲ್ಟು ಬಿಚ್ಚಿದ, ಚೀಲವನ್ನು ಎತ್ತಿ ತಂದು ಬೆಂಚಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡ. ಚಹಾ ಬಂತು. ಬಹಳ ಬಿಸಿ ಇತ್ತು. ಒಂದು ಹನಿಯೂ ಜೋಳದ ಮೇಲೆ ಬೀಳದಂತೆ ಲೋಟವನ್ನು ದೂರ ಹಿಡಿದು, ಕತ್ತನ್ನು ಆ ಕಡೆ ಚಾಚಿ ಕುಡಿದ.