ಸವೆದ ಡಿಸ್ಕ್

"ಹೊಸದು ಬೇಡ. ಸವೆದದ್ದು ಕೊಡಿ," ಎಂದಳು ಆಕೆ.

ಜಯಕುಮಾರ್‌ಗೆ ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಅನ್ನಿಸಿತು. ಸವಳಂಗ ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡೇ ಅವನ ಕೂದಲು ನರೆತಿತ್ತು. ಇಂಥ ಮಾತನ್ನು ಯಾವ ಗಿರಾಕಿಯೂ ಆಡಿರಲಿಲ್ಲ. ಕೌಂಟರಿನ ಮೇಲೆ ಎರಡು ಬಗೆಯ ಬ್ರೇಕ್ ಡಿಸ್ಕ್ ಇಟ್ಟು ಅವನು ಆಗಲೇ ಎಲ್ಲವನ್ನೂ ವಿವರಿಸಿದ್ದ. ಒಂದು ಗಟ್ಟಿ ತಟ್ಟೆ, ಇನ್ನೊಂದು ನಡುವೆ ಗಾಳಿಯಾಡುವಂಥದ್ದು. ಗುಡ್ಡ ಹತ್ತಿಳಿಯುವ ಭಾರೀ ಗಾಡಿಗೆ ಎರಡನೆಯದೇ ಸರಿ, ಬೇಗ ಕಾಯುವುದಿಲ್ಲ. ಜೊತೆಗೆ ಅದನ್ನು ಒತ್ತಿ ಹಿಡಿಯುವ ಗಟ್ಟಿ ಪ್ಯಾಡು ಹಾಕಿದರೆ ಎಷ್ಟೇ ಲೋಡಿದ್ದರೂ ಹೆದರಬೇಕಿಲ್ಲ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡಿದ್ದಳು. ಆಮೇಲೆ ಮೂಲೆಯಲ್ಲಿದ್ದ ಹಳೆಯ ಸಾಮಾನಿನ ರಾಶಿಯತ್ತ ಕೈ ತೋರಿಸಿದ್ದಳು.

ಹೆಸರು ಜಗದಾಂಬಾ. ಭದ್ರಾವತಿಯ ಜನ್ನಾಪುರದವಳು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಹತ್ತಿ ಸೀರೆ. ಗುಡ್ಡಗಳ ಮೇಲಿನ ಮೊಬೈಲ್ ಟವರುಗಳಿಗೆ ಜನರೇಟರು, ಡೀಸೆಲ್ಲು ಸಾಗಿಸುವುದು ಗಂಡ ಪ್ರಸನ್ನಕುಮಾರನ ಕೆಲಸ ಎಂದು ಹೇಳಿದ್ದಳು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತವಿರುವ ದೊಡ್ಡ ಗಾಡಿ. ನಾಲ್ಕಕ್ಕೂ ಡಿಸ್ಕ್ ಬ್ರೇಕು.

ಗಾಡಿಯನ್ನೇ ಒಮ್ಮೆ ತನ್ನಿ, ನೋಡಿ ಹೇಳುತ್ತೇನೆ ಎಂದ ಜಯಕುಮಾರ್. ಅದು ಇಲ್ಲಿಗೆ ಬರುವ ಹಾಗಿಲ್ಲ ಎಂದಳು. ಯಜಮಾನರಿಗೆ ಫೋನ್ ಮಾಡೋಣವೇ ಎಂದ. ಅವರನ್ನು ಕೇಳುವ ಹಾಗಿಲ್ಲ ಎಂದಳು.

"ಓಡಿಸೋದು ಯಾರಮ್ಮಾ?"

"ಅವರೇ. ಬೇರೆ ಯಾರ ಕೈಗೂ ಕೊಟ್ಟವರಲ್ಲ."

ಆಕೆ ರಾಶಿಯ ಮುಂದೆ ಕೂತು ಒಂದೊಂದೇ ಡಿಸ್ಕ್ ಎತ್ತಿ ನೋಡತೊಡಗಿದಳು. ಸ್ವಲ್ಪ ಸವೆದದ್ದನ್ನು ಪಕ್ಕಕ್ಕಿಟ್ಟಳು. ಉಗುರು ಕೂರುವಷ್ಟು ಆಳವಾಗಿ ಗೀರು ಬಿದ್ದು, ಕಾದು ನೀಲಿಗಟ್ಟಿದ್ದ ಒಂದನ್ನು ಮಡಿಲಲ್ಲಿ ಇಟ್ಟುಕೊಂಡಳು. ಪ್ಯಾಡುಗಳಲ್ಲೂ ಅಷ್ಟೇ. ಮೈಯೆಲ್ಲ ಸವೆದು ಹಿಂದಿನ ಕಬ್ಬಿಣ ಕಾಣುತ್ತಿದ್ದವನ್ನೇ ಆರಿಸಿದಳು.

"ಇದನ್ನ ಹಾಕ್ಕೊಂಡು ಗುಡ್ಡ ಇಳಿದ್ರೆ ಗಾಡಿ ನಿಲ್ಲಲ್ಲಮ್ಮಾ," ಎಂದ ಜಯಕುಮಾರ್.

"ಯಾರು ನೋಡಿದ್ರೂ ಹಂಗೇ ಹೇಳ್ತಾರಾ?"

"ಯಾರು ನೋಡಿದ್ರೂ."

ಆಕೆಯ ಮುಖದಲ್ಲಿ ಮೊದಲ ಬಾರಿಗೆ ನೆಮ್ಮದಿ ಕಂಡಿತು. ಅದನ್ನು ನೋಡಿದ ಜಯಕುಮಾರ್, ಇವು ಮಾರಾಟಕ್ಕಲ್ಲ ಎಂದು ಆಕೆಯ ಮಡಿಲಿನಿಂದ ಡಿಸ್ಕ್ ಎತ್ತಿಕೊಂಡ. ಆಕೆ ವಾದ ಮಾಡಲಿಲ್ಲ. ಕೈಗೆ ಹತ್ತಿದ ತುಕ್ಕನ್ನು ಒರೆಸಿಕೊಂಡು ರಸ್ತೆ ದಾಟಿ ಎದುರಿನ ಗುಜರಿ ಅಂಗಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಭಾರದ ಗೋಣಿಚೀಲವೊಂದನ್ನು ಆಟೋಗೆ ಹಾಕಿಸಿಕೊಂಡು ಹೊರಟಳು.

ಅವನು ಕೌಂಟರಿಗೆ ಮರಳಿದ. ಇನ್ನೊಬ್ಬ ಗಿರಾಕಿ ಏನೋ ಕೇಳಿದ, ಕಿವಿಗೆ ಬೀಳಲಿಲ್ಲ. ಪೊಲೀಸರಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ಹೆಂಗಸೊಬ್ಬಳು ಗುಜರಿ ಕೊಂಡಳು ಎಂದೇ? ಕೊನೆಗೆ ಶಟರ್ ಎಳೆದು ಬೈಕ್ ಹತ್ತಿದ.

ಮಲವಗೊಪ್ಪ ದಾಟುವಾಗ, ಎಂದೂ ನೋಡಿರದ ಆ ಪ್ರಸನ್ನಕುಮಾರನಿಗೆ ಅವನ ಮನಸ್ಸು ಒಂದು ಮುಖವನ್ನೂ ಕೊಟ್ಟುಬಿಟ್ಟಿತ್ತು. ಡೀಸೆಲ್ ಬ್ಯಾರೆಲ್ಲು ಹೇರಿಕೊಂಡು, ಹೆಂಡತಿಗೆ ಹೋಗಿ ಬರ್ತೀನಿ ಎಂದು ಹೇಳಿ, ನಿಶ್ಚಿಂತೆಯಿಂದ ಗುಡ್ಡದತ್ತ ಹೊರಡುವ ಮನುಷ್ಯ. ಜಯಕುಮಾರ್ ಬೈಕನ್ನು ಇನ್ನೂ ಜೋರಾಗಿ ಓಡಿಸಿದ.

ಜನ್ನಾಪುರದಲ್ಲಿ ಟವರ್ ಗಾಡಿಯವರ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಮನೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿದ ಗಾಡಿ ನಿಂತಿತ್ತು. ಅದರ ಮುಂದೆ ಮೆಕ್ಯಾನಿಕ್ ಒಬ್ಬ ಗೋಣಿಚೀಲ ಬಿಚ್ಚುತ್ತಿದ್ದ. ಹೆಸರು ಮಧು ಎಂದ. ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಜಗದಾಂಬಾ ಜಯಕುಮಾರನನ್ನು ನೋಡಿದಳು, ಏಳಲಿಲ್ಲ.

"ನಿಮ್ಮ ಯಜಮಾನ್ರನ್ನ ಕರೀರಿ," ಎಂದ ಜಯಕುಮಾರ್ ಏದುಸಿರು ಬಿಡುತ್ತ. "ಅವ್ರು ಈ ಗಾಡಿ ಹತ್ತಬಾರ್ದು. ಅದನ್ನ ಹೇಳೇ ಹೋಗ್ತೀನಿ."

ಮಧು ಆಕೆಯ ಮುಖ ನೋಡಿದ. ಆಕೆ ತಲೆಯಾಡಿಸಿದಳು. ಅವನು ಟಾರ್ಪಾಲು ಎಳೆದ.

ಗಾಡಿಗೆ ಮೂತಿಯೇ ಇರಲಿಲ್ಲ. ಮೇಲ್ಛಾವಣಿ ಕುಸಿದು ಸೀಟಿಗೆ ಅಂಟಿತ್ತು.

ಹೋದ ತಿಂಗಳು ಟವರ್ ಗುಡ್ಡ ಇಳಿಯುವಾಗ ತಿರುವಿನಲ್ಲಿ ಕೆಳಕ್ಕೆ ಹೋಯಿತು, ಪ್ರಸನ್ನಣ್ಣ ಅಲ್ಲೇ ತೀರಿಕೊಂಡರು ಎಂದು ಮಧು ಹೇಳಿದ. ರಸ್ತೆಯ ಮೇಲೆ ಟಯರು ಉಜ್ಜಿದ ಒಂದು ಗುರುತೂ ಇರಲಿಲ್ಲವಂತೆ. ಗಾಡಿ ಪೊಲೀಸ್ ಸ್ಟೇಷನ್ನಿನಿಂದ ಮನೆಗೆ ಬಂದದ್ದು ನಿನ್ನೆ.

ಜಯಕುಮಾರನಿಗೆ ಕೂಡಲೇ ಇನ್ನೊಂದು ಅನುಮಾನ ಹುಟ್ಟಿತು. ಬಿಚ್ಚಿಟ್ಟಿದ್ದ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ. ಯಾರಾದರೂ ಬ್ರೇಕ್ ಪೈಪು ಕುಯ್ದಿದ್ದಾರೆಯೇ ಎಂದು ಬೆರಳಾಡಿಸಿದ. ಪೈಪು ಸರಿಯಾಗಿತ್ತು, ಎಣ್ಣೆ ಸೋರಿರಲಿಲ್ಲ. ಡಿಸ್ಕ್ ನುಣುಪಾಗಿ ಹೊಳೆಯುತ್ತಿತ್ತು. ಪ್ಯಾಡು ಹೆಚ್ಚುಕಡಿಮೆ ಹೊಸದೇ. ಬೆಳಿಗ್ಗೆ ತಾನು ಆಕೆಯ ಮುಂದೆ ಹೊಗಳಿದ್ದ ಗಟ್ಟಿ ಜಾತಿಯದು.

"ಇವು ಚೆನ್ನಾಗೇ ಇದಾವಲ್ಲ. ಯಾಕೆ ತೆಗೀತಿದೀರಿ?"

"ದೀಪಾವಳಿಗೆ ಮುಂಚೆ ನಾನೇ ಹಾಕಿದ್ದು," ಎಂದ ಮಧು, ತಲೆ ಎತ್ತದೆ. "ಅಕ್ಷರಾ ಕೇಳಿದ್ರೆ ಹಾಕಿರ್ಲಿಲ್ಲ, ಮರ್ತಿದ್ದೆ ಅಂತೀನಿ. ಅವಳು ಬೈದ್ರೆ ಬೈಸ್ಕೋತೀನಿ."

ಅಕ್ಷರಾ ಯಾರೆಂದು ಜಯಕುಮಾರ್ ಕೇಳಬೇಕಾಗಲಿಲ್ಲ. ಜಗದಾಂಬಾ ಮೆಟ್ಟಿಲಿಳಿದು ಬಂದಳು.

"ಮಗಳು. ಮೆಕ್ಯಾನಿಕಲ್ ಓದ್ತಿದಾಳೆ, ಸಂಜೆ ಹಾಸ್ಟೆಲ್ಲಿಂದ ಬಂದು ಚಕ್ರ ಬಿಚ್ಚಿ ನೋಡೇ ನೋಡ್ತಾಳೆ," ಎಂದಳು. "ಆವತ್ತು ಬೆಳಿಗ್ಗೆ ಫೋನಲ್ಲಿ ಅವಳು ಅಪ್ಪನ ಜೊತೆ ಜಗಳ ಆಡಿ, ನಿಮ್ಮ ಮುಖ ನೋಡಲ್ಲ ಅಂದಿದ್ಲು. ಬ್ರೇಕ್ ಸವೆದಿತ್ತು ಅಂದ್ಕೊಳ್ಳಲಿ. ಅವರು ಅದನ್ನ ಒತ್ತಲೇ ಇಲ್ಲ ಅಂತ ಅವಳಿಗೆ ಗೊತ್ತಾಗಬಾರದು."