ಜನವಿಲ್ಲದ ದೇವಸ್ಥಾನ

"ಈ ಚಿತ್ರ ತೆಗೆದವರು ನೀವೇನಾ ಸಾರ್?" ಎಂದು ಕೇಳುತ್ತ ದರ್ಜಿ ವಾರಪತ್ರಿಕೆಯ ಪ್ರವಾಸದ ಪುಟವನ್ನು ಮೇಜಿನ ಮೇಲೆ ಹರಡಿ, ಸುಕ್ಕುಗಳನ್ನು ಅಂಗೈಯಿಂದ ತೀಡಿ ನೇರ ಮಾಡಿದ. ಅವಸರದಲ್ಲಿ ಹೊರಟುಬಂದವನ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಪುಟದ ತುಂಬ ಸಮುದ್ರದ ದಂಡೆಯ ಕಲ್ಲಿನ ದೇವಸ್ಥಾನ, ನೀರಿಗೆ ಇಳಿಯುವ ಮೆಟ್ಟಿಲುಗಳು, ಆಚೆಗೆ ಸಂಜೆಯ ಕಡಲು. ಮನುಷ್ಯರ ಸುಳಿವಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ತೆಗೆದವರ ಹೆಸರು, ತೆಗೆದ ತಾರೀಕು.

ಫೋಟೋಗ್ರಾಫರ್‌ಗೆ ಒಳಗೊಳಗೇ ಹಿಗ್ಗು. ದಂಡೆಯುದ್ದಕ್ಕೂ ಅಲೆದು ತೆಗೆದ ಫೋಟೋಗಳಲ್ಲಿದ್ದ ಬಲೆ ಹೆಣೆಯುವವರು, ಬಟ್ಟೆ ಒಣಹಾಕುವವರು, ದೇವಸ್ಥಾನದ ಜಗಲಿಯಲ್ಲಿ ಹರಟೆ ಕೊಚ್ಚುವ ಮುದುಕರು ಎಲ್ಲ ಈ ಕೋಣೆಯ ಗೋಡೆಯಲ್ಲೇ ಉಳಿದಿದ್ದರು. ಅಚ್ಚಾದದ್ದು ಇದೊಂದೇ. ಅದನ್ನು ನೋಡಿ ಒಬ್ಬರು ಮನೆ ಹುಡುಕಿಕೊಂಡು ಬಂದದ್ದೂ ಇದೇ ಮೊದಲು.

"ಅವತ್ತು ಅಲ್ಲಿ ಜನ ಇರಲಿಲ್ವಾ?"

"ಇದ್ದರು ಯಜಮಾನ್ರೇ. ಎಲ್ಲರೂ ಹೋಗಲಿ ಅಂತ ಕಾದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು ನಿಮಿಷಕ್ಕೊಂದು ತೆಗೀತಾ ಇದ್ದೆ."

"ಜನ ಇಲ್ಲದ ದೇವಸ್ಥಾನ ಯಾರಿಗೆ ಬೇಕು ಸಾರ್? ದೇವರಿಗೂ ಬೇಡ."

"ಪತ್ರಿಕೆಯವರಿಗೆ ಬೇಕು."

ದರ್ಜಿ ನಕ್ಕ. ನಗು ಅರ್ಧಕ್ಕೇ ನಿಂತಿತು. "ಜನ ಇರೋದನ್ನ ಒಂಚೂರು ತೋರಿಸ್ತೀರಾ? ನನ್ನ ಮಗ ಮನೆ ಬಿಟ್ಟದ್ದು ಅವತ್ತೇ. ದೇವಸ್ಥಾನದ ಕಡೆ ಹೋಗೋ ಬಸ್ಸು ಹತ್ತಿದ ಅಂತ ಒಬ್ಬರು ಹೇಳಿದರು. ಆಮೇಲೆ ಸುದ್ದಿಯಿಲ್ಲ. ಗಿರಾಕಿ ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿದ ಅಂತ ಎಲ್ಲರೆದುರಿಗೆ ಕೆನ್ನೆಗೆ ಬಾರಿಸಿಬಿಟ್ಟೆ. ಇಪ್ಪತ್ತೆರಡು ವರ್ಷದ ಮಗ. ನಾಲ್ಕು ತಿಂಗಳಾಯ್ತು, ಅವನ ತಾಯಿ ನನ್ನ ಮುಖ ನೋಡ್ತಿಲ್ಲ. ಇದ್ದಾನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು."

ಫೋಟೋಗ್ರಾಫರ್ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿ ಒಂದೊಂದೇ ಫೋಟೋ ತೋರಿಸತೊಡಗಿದ. ಹನ್ನೊಂದನೆಯದಕ್ಕೆ ದರ್ಜಿಯ ಬೆರಳು ಪರದೆಗೆ ಅಂಟಿಕೊಂಡಿತು.

"ಇವನೇ."

"ಬೆನ್ನು ಮಾತ್ರ ಕಾಣ್ತಿದೆಯಲ್ಲ?"

"ಅಂಗಿ ನಾನು ಹೊಲಿದದ್ದು ಸಾರ್. ಅವನಿಗೆ ಬಲಗಡೆ ಭುಜ ಒಂದು ಬೆರಳಿನಷ್ಟು ಇಳಿದಿದೆ. ಯಾರಿಗೂ ಗೊತ್ತಾಗಬಾರದು ಅಂತ ಅದನ್ನ ಮುಚ್ಚಿ ಹೊಲೀತೀನಿ. ಅವನಿಗೂ ಗೊತ್ತಿಲ್ಲ."

ಹನ್ನೆರಡನೆಯದರಲ್ಲಿ ಆ ಅಂಗಿ ನಡು ಮೆಟ್ಟಿಲಲ್ಲಿತ್ತು. ಹದಿನಾಲ್ಕರಲ್ಲಿ, ನೀರು ತಾಗುವ ಕೊನೆಯ ಮೆಟ್ಟಿಲಲ್ಲಿ. ಹದಿನೈದರಲ್ಲಿ ಮೆಟ್ಟಿಲ ಮೇಲೆ ಒಬ್ಬ ಮುದುಕಿಯ ಹೊರತು ಯಾರೂ ಇರಲಿಲ್ಲ.

"ಕಾಲು ತೊಳೆಯೋಕೆ ಇಳಿದಿದ್ದಾನೆ," ಎಂದ ದರ್ಜಿ. ಅವನ ದನಿಗೆ ಜೀವ ಬಂದಿತ್ತು. "ತೊಳ್ಕೊಂಡು ಒಳಗೆ ಹೋಗಿದ್ದಾನೆ. ದೇವರ ಮುಂದೆ ನಿಂತವನು ಏನೂ ಮಾಡ್ಕೊಳ್ಳಲ್ಲ. ಮನಸ್ಸು ತಿಳಿಯಾಗಿ ಯಾವುದೋ ಊರಲ್ಲಿ ಕೆಲಸ ಹಿಡಿದಿರ್ತಾನೆ, ಅಲ್ವಾ ಸಾರ್?"

ಫೋಟೋಗ್ರಾಫರ್ ಪರದೆಗೆ ಇನ್ನಷ್ಟು ಹತ್ತಿರ ಬಾಗಿದ. ಅವನು ನೋಡುತ್ತಿದ್ದದ್ದು ಮೆಟ್ಟಿಲನ್ನಲ್ಲ. ಅದರಾಚೆ, ನೀರಿನ ಮೇಲೆ, ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದಿತ್ತು. ಅದು ಅವನಿಗೆ ಹೊಸತಲ್ಲ. ಬೆಳಕು ಚೆನ್ನಾಗಿ ಬಂದಿದ್ದ ಹತ್ತೊಂಬತ್ತನೆಯ ಫೋಟೋವನ್ನು ಪತ್ರಿಕೆಗೆ ಕಳಿಸುವಾಗ, ಕ್ಯಾಮೆರಾದೊಳಗೆ ಧೂಳು ಕೂತಿದೆ ಎಂದುಕೊಂಡು ಅದನ್ನು ತಾನೇ ಅಳಿಸಿದ್ದ, ಗುರುತು ಸಿಗದಷ್ಟು ನಾಜೂಕಾಗಿ. ಆದರೆ ಒಳಗಿನ ಧೂಳು ಎಲ್ಲ ಫೋಟೋಗಳಲ್ಲೂ ಒಂದೇ ಜಾಗದಲ್ಲಿರುತ್ತದೆ. ಹಿಂದಿನ ಹದಿನಾಲ್ಕು ಫೋಟೋಗಳಲ್ಲೂ ಅದು ಇರಲೇ ಇಲ್ಲ. ಹದಿನಾರರಲ್ಲಿ ಚುಕ್ಕೆ ಬಲಕ್ಕೆ ಸರಿದಿತ್ತು. ಹದಿನೇಳರಲ್ಲಿ ಇನ್ನೂ ದೂರ. ಹದಿನೆಂಟರಲ್ಲಿ ಅದರ ಪಕ್ಕದಿಂದ ಕೂದಲೆಳೆಯಂಥ ಒಂದು ಗೆರೆ, ಎತ್ತಿದ ಕೈಯ ಹಾಗೆ, ಮೇಲಕ್ಕೆ ಎದ್ದಿತ್ತು. ಅವತ್ತು ಅಷ್ಟು ಹೊತ್ತೂ ಫೋಟೋಗ್ರಾಫರ್ ಅದೇ ದಿಕ್ಕಿಗೆ ಮುಖ ಮಾಡಿ, ಆ ಮುದುಕಿ ಯಾವಾಗ ಎದ್ದು ಹೋಗುತ್ತಾಳೋ ಎಂದು ಮನಸ್ಸಿನಲ್ಲೇ ಶಪಿಸುತ್ತ ನಿಂತಿದ್ದ.

ಹೇಳಬೇಕು. ಏನಂತ ಹೇಳುವುದು? ಹಕ್ಕಿಯಿರಬಹುದು, ತೇಲುವ ಕಟ್ಟಿಗೆಯಿರಬಹುದು. ಹಾಗೆ ನಂಬಲು ಅವನು ಎರಡು ಸಲ ಪ್ರಯತ್ನಿಸಿದ. ಅಷ್ಟರಲ್ಲಿ ಹತ್ತೊಂಬತ್ತನೆಯದು, ಚುಕ್ಕೆ ಅಳಿಸುವ ಮುಂಚಿನದು, ಪರದೆಗೆ ಬಂದಿತ್ತು.

"ಅದೇನು ಸಾರ್, ಕರೀದು?"

"ಧೂಳು," ಎಂದುಬಿಟ್ಟ. ಕರುಣೆಯಿಂದ ಹೇಳಿದೆನೋ ಹೆದರಿ ಹೇಳಿದೆನೋ ಅವನಿಗೇ ತಿಳಿಯಲಿಲ್ಲ.

"ಧೂಳಾ? ತಡೀರಿ." ದರ್ಜಿ ಜೇಬಿನಿಂದ ಒಂದು ತುಂಡು ಬಟ್ಟೆ ತೆಗೆದು, ಪರದೆಗೆ ಬಾಯಿಂದ ಹಬೆ ಊದಿ, ಮಗುವಿನ ಮೂತಿ ಒರೆಸುವವನಂತೆ ಮೆಲ್ಲಗೆ ಒರೆಸತೊಡಗಿದ. ಚುಕ್ಕೆಯಿದ್ದ ಜಾಗವನ್ನು ಅವನ ಅಂಗೈ ಮುಚ್ಚಿತ್ತು. ಆ ಮರೆಯಲ್ಲಿ ಫೋಟೋಗ್ರಾಫರ್ ಗುಂಡಿ ಒತ್ತಿದ. ಇಪ್ಪತ್ತನೆಯ ಫೋಟೋ ಬಂತು.

ದರ್ಜಿ ಕೈ ತೆಗೆದು ನೋಡಿದ. ದಂಡೆಯಿಂದ ಆಕಾಶದವರೆಗೆ ಕಡಲು ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿತ್ತು.

"ಹೋಯ್ತು ನೋಡಿ," ಎಂದ. "ಇದನ್ನೇ ದೊಡ್ಡದು ಮಾಡಿಕೊಡಿ ಸಾರ್. ಅವನು ದೇವರ ಹತ್ತಿರ ಹೋದ ಮೇಲೆ ತೆಗೆದದ್ದು ಅಂತ ಅವಳಿಗೆ ತೋರಿಸ್ತೀನಿ."